ರಕಾರಕ್ಕೆ ಕೊಂಬು

ಚೌಕಿಪೇಟೆಯ ಹಿಂದಿನ ಓಣಿಯಲ್ಲಿ
ನಮ್ಮ ಅಂಗಡಿಗೆ ಬೋರ್ಡಿಲ್ಲ.
ನವಸಾಗರದ ಬಿಳಿ ಹೊಗೆಯೇ ಬೋರ್ಡು,
ಮೂಗು ಹಿಡಿದು ಬಂದವರೇ ಗಿರಾಕಿ.
ಮಾವನ ಕಾಲಕ್ಕೆ ಅಷ್ಟು ಸಾಕಾಗಿತ್ತು.
ಈಗ ಎದುರಿಗೆ ನಾನ್‌ಸ್ಟಿಕ್ ಅಂಗಡಿ,
ಅದರ ಬೆನ್ನಿಗೆ ಹದಿನೆಂಟು ಸಾವಿರ ಫಾಲೋವರ್ಸು.
ನಾವು ಮೂರು ಜನ, ಒಂದು ಬ್ಲೋವರು.

ಅದಕ್ಕೇ ಪೇಜು ತೆರೆದೆ:
ಬುಡೇನ್‌ಸಾಬ್ ಕಲಾಯಿ ವರ್ಕ್ಸ್, ದಾವಣಗೆರೆ.
ಬಾಡಿಗೆ ಎಷ್ಟು? ಅಂದರು ಮಾವ.
ಪುಕ್ಕಟೆ.
ಪುಕ್ಕಟೆ ಮಳಿಗೆ ಕೊಟ್ಟವನು
ಬೇರೆ ಏನನ್ನೋ ತೂಗಿಕೊಳ್ತಿರ್ತಾನೆ, ನೋಡ್ಕೋ,
ಅಂದು ಇದ್ದಿಲು ಕೆದಕಿದರು.

ಮೊದಲ ರೀಲಿಗೆ ನಲವತ್ತಮೂರು ನೋಟ.
ಅದರಲ್ಲಿ ಹನ್ನೊಂದು ನನ್ನವೇ.
ಮೊಬೈಲ್ ಅಂಗಡಿಯ ವೀರೇಶ ಬುದ್ಧಿ ಹೇಳಿದ:
ದಿನಾ ಹಾಕಬೇಕಕ್ಕಾ, ಹಾಡಿರಬೇಕು,
ಮೂರು ಸೆಕೆಂಡಲ್ಲಿ ಅವರ ಬೆರಳು ನಿಲ್ಲಿಸಬೇಕು,
ಮುಖ ತೋರಿಸಿದರೆ ಇನ್ನೂ ಓಡುತ್ತೆ.
ಮುಖ ಬೇಡ, ಅಂದರು ಇವರು.
ಮೂರು ಸೆಕೆಂಡಿಗೆ ತಾಮ್ರ ಕಾಯುತ್ತಾ? ಅಂದರು ಮಾವ.

ಸರಿ, ಕೈ ತೋರಿಸಿದೆ.
ಮರಳು, ಹುಣಸೆ, ಆಸಿಡ್ಡಿಗೆ ಗೆರೆಯೆಲ್ಲ ಸವೆದ ಕೈ.
ಇವರ ಹೆಬ್ಬೆಟ್ಟಿಗೆ ಇವರ ಫೋನೇ ತೆರೆಯುವುದಿಲ್ಲ,
ರೇಷನ್ ಅಂಗಡಿಯ ಯಂತ್ರವೂ ಮೂರು ಸಲ
ನೀನು ನೀನಲ್ಲ ಅನ್ನುತ್ತದೆ.
ಆ ಕೈ ಹಂಡೆಯೊಳಗೆ ಇಳಿಯಿತು.
ಕಾದ ತಳಕ್ಕೆ ಒಂದು ಚಿಟಿಕೆ
(ದಾದಾಪೀರ್, ಅದನ್ನ ತೋರಿಸಬೇಡ, ವಿದ್ಯೆ ಅದು!)
ತವರದ ಕಡ್ಡಿ ಒಮ್ಮೆ ಮುಟ್ಟಿತು,
ಅರಳೆಯುಂಡೆ ಒಂದು ಸುತ್ತು ಹೋಯಿತು.
ಕಪ್ಪೆಲ್ಲ ಎಲ್ಲಿ ಹೋಯಿತೋ,
ಹಾಲು ಉಕ್ಕುವ ಮುಂಚಿನ ಬಿಳುಪು ಅಂಚಿನವರೆಗೆ.
ನೀರಿಗದ್ದಿದರೆ ಚುಂಯ್.
ಹಾಡು ಹಾಕಲಿಲ್ಲ. ಚುಂಯ್ ಸಾಕೆನಿಸಿತು.

ಕೆಳಗೆ ಒಂದು ಸಾಲು ಬರೆದೆ:
ಹಳೆ ಪಾತ್ರೆಗಳಿಗೆ ತವರ ಹಾಕಿಕೊಡಲಾಗುವುದು.
ಕೀಬೋರ್ಡು ನನಗಿಂತ ಜಾಣ,
ರಕಾರಕ್ಕೆ ತಾನೇ ಒಂದು ಕೊಂಬು ಕೊಟ್ಟಿತು:
ಹಳೆ ಪಾತ್ರೆಗಳಿಗೆ ತವರು ಹಾಕಿಕೊಡಲಾಗುವುದು.
ನೋಡದೆ ಒತ್ತಿ, ಅನ್ನ ಬಸಿಯಲು ಎದ್ದೆ.

ಬೆಳಿಗ್ಗೆ ಫೋನು ಒಲೆಯಂತೆ ಬಿಸಿ.
ರಾಣೆಬೆನ್ನೂರಿನವಳು: ಮದುವೆಗೆ ಕೊಟ್ಟ ಬೋಗುಣಿ ಅಟ್ಟದ ಮೇಲಿದೆ.
ಮಸ್ಕತ್ತಿನವಳು: ಅವ್ವನ ಹೆಸರು ಕೊರೆದ ತಂಬಿಗೆ,
ಕಿಲುಬು ಬಂದಿದೆ, ಕೊರಿಯರ್ ತಗೊಳ್ತೀರಾ?
ಹೊನ್ನಾಳಿಯ ಒಬ್ಬರು: ಮೊದಲು ಕಾಗುಣಿತ ಕಲಿಯಿರಿ.
ಅದರ ಕೆಳಗೆ ಎಂಬತ್ತು ಜನರ ಜಗಳ.
ಯಾರೋ, ಹೆಸರೂ ಇಲ್ಲ, ಮುಖದ ಜಾಗದಲ್ಲಿ ದಾಸವಾಳ,
'ನನಗೂ ಹಾಕಿಕೊಡ್ತೀರಾ' ಎಂದಷ್ಟೇ ಬರೆದು
ನಾನು ಉತ್ತರ ಹುಡುಕುವಷ್ಟರಲ್ಲಿ ಅಳಿಸಿದ್ದಳು.

ನನ್ನ ತವರು ಹರಿಹರ, ಬಸ್ಸಿಗೆ ಅರ್ಧ ಗಂಟೆ,
ಅಳು ಬರುವಷ್ಟರಲ್ಲಿ ಸ್ಟ್ಯಾಂಡೇ ಬಂದುಬಿಡುತ್ತದೆ.
ಆದರೂ ಆ ದಾಸವಾಳ
ಇಡೀ ದಿನ ಬೆರಳಿಗೆ ಅಂಟಿಕೊಂಡಿತ್ತು.

ವಾರಕ್ಕೆ ಎರಡು ಲಕ್ಷ ನೋಟ.
ಗಲ್ಲಾ ಪೆಟ್ಟಿಗೆಯಲ್ಲಿ ನಾನೂರ ಐವತ್ತು.
ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆದಿಟ್ಟು
ಮಾವ ಕನ್ನಡಕ ತೆಗೆದರು:
ತವರಕ್ಕೆ ಕೊಂಬು ಕೊಟ್ಟಿತಲ್ಲ ನಿನ್ನ ಯಂತ್ರ,
ನೋಟಕ್ಕೂ ಒಂದು ಕೊಡೋಕೆ ಹೇಳು.

ತಿದ್ದಲು ಕೂತೆ. ಬೆರಳು ಸಾಲಿನ ಮೇಲಿತ್ತು.
ಅಷ್ಟರಲ್ಲಿ ಆಟೋ ನಿಂತಿತು.
ನಿಟುವಳ್ಳಿಯ ಕೊಟ್ರಮ್ಮ, ಫೋನೇ ಇಲ್ಲದ ಹೆಂಗಸು,
ತೊಡೆಯ ಮೇಲೊಂದು ಹಂಡೆ ಕೂರಿಸಿಕೊಂಡು:
ತವರು ಹಾಕೋರು ಇಲ್ಲೇ ಏನವ್ವಾ?

ಮಾವ ನನ್ನ ಮುಖ ನೋಡಿದರು.
ಇಲ್ಲೇ, ಇಳಿಸಿ, ಅಂದೆ.
ಇವರು ಹಂಡೆಯನ್ನು ಮೇಲೆತ್ತಿ ಬಿಸಿಲಿಗೆ ಹಿಡಿದರು,
ಒಳಗೆ ತಲೆ ಹಾಕಿ ತುಂಬಾ ಹೊತ್ತು ಹುಡುಕಿದರು.
ತಳದಲ್ಲಿ ತೂತಿದೆ ಅಮ್ಮಾ,
ಮೊದಲು ಬೆಸುಗೆ. ಅದಕ್ಕೆ ಬೇರೆ ದುಡ್ಡು.